ಶಿಶುದಂತಧಾವನ ಮೀಮಾಂಸೆ

ಎರಡು ವರ್ಷದ ಮಗುವಿನ ಹಲ್ಲುಜ್ಜುವುದು ವೈದ್ಯಶಾಸ್ತ್ರಕ್ಕೆ ಸೇರಿದ ವಿಷಯವೆಂದು ಲೋಕ ನಂಬಿಕೊಂಡು ಬಂದಿದೆ. ಅದು ಮೊದಲು ತರ್ಕಶಾಸ್ತ್ರಕ್ಕೆ, ಕಟ್ಟಕಡೆಗೆ ವ್ಯಾಕರಣಕ್ಕೆ ಸೇರಿದ್ದೆಂದು ಈ ಗ್ರಂಥ ಬಚ್ಚಲುಮನೆಯ ಬಾಗಿಲಲ್ಲೇ ನಿಂತು ಪ್ರತಿಪಾದಿಸುತ್ತದೆ.

ಮೊದಲಿಗೆ ಪೂರ್ವಪಕ್ಷ. ಪೂರ್ವಪಕ್ಷಿಯ ಸೂತ್ರ ಒಂದೇ: “ಬ್ಯಾಡ.” ಸೂತ್ರದಲ್ಲಿ ಅಕ್ಷರ ಕಡಿಮೆಯಿರಬೇಕು, ಸಂದೇಹಕ್ಕೆ ಎಡೆಯಿರಬಾರದು ಎಂಬ ಹಳಬರ ಲಕ್ಷಣ ಇಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಅರ್ಧ ಮಾತ್ರೆ ಉಳಿಸಿದರೂ ವೈಯಾಕರಣರಿಗೆ ಮಗ ಹುಟ್ಟಿದಷ್ಟು ಸಂಭ್ರಮವಂತೆ. ಹುಟ್ಟಿದ ಆ ಮಗನ ಹಲ್ಲನ್ನು ಉಜ್ಜುತ್ತಿದ್ದವರು ಯಾರೋ, ಅವರ ಅಭಿಪ್ರಾಯ ದಾಖಲಾಗಿಲ್ಲ. ಸೂತ್ರಕ್ಕೆ ಭಾಷ್ಯವೂ ಉಂಟು: ತುಟಿ ಬಿಗಿಹಿಡಿಯುವುದು, ಒದ್ದೆ ನೆಲದಲ್ಲಿ ಹೊರಳುವುದು, ಬ್ರಷ್ಷನ್ನು ಬಕೆಟ್ಟಿಗೆ ಎಸೆಯುವುದು. ನ್ಯಾಯಸೂತ್ರಗಳಲ್ಲಿ ಗೌತಮರು ಚರ್ಚೆಯನ್ನು ವಾದ, ಜಲ್ಪ, ವಿತಂಡ ಎಂದು ವಿಂಗಡಿಸಿದ್ದಾರೆ. ತನ್ನ ಪಕ್ಷವನ್ನು ಸ್ಥಾಪಿಸದೆ ಎದುರಿನವರದ್ದನ್ನು ಮಾತ್ರ ಕೆಡವುವುದು ವಿತಂಡ. “ಹಾಗಾದ್ರೆ ಮತ್ತೇನು ಮಾಡೋಣ ಪುಟ್ಟಿ?” ಎಂದು ಕೇಳಿ ನೋಡಿ. ಅದೇ ಎರಡಕ್ಷರ.

ಪೂರ್ವಪಕ್ಷಿಗೆ ಆಯುರ್ವೇದವೂ ಗೊತ್ತು. ‘ಅಷ್ಟಾಂಗಹೃದಯ’ದ ದಿನಚರ್ಯಾಧ್ಯಾಯದಲ್ಲಿ ವಾಗ್ಭಟ ಹಲ್ಲುಜ್ಜುವ ಕಡ್ಡಿ 12 ಅಂಗುಲ ಉದ್ದ, ಕಿರುಬೆರಳ ತುದಿಯಷ್ಟು ದಪ್ಪ ಇರಬೇಕೆನ್ನುತ್ತಾನೆ, ರುಚಿ ಒಗರೋ ಖಾರವೋ ಕಹಿಯೋ ಆಗಿರಬೇಕಂತೆ. ಸ್ಟ್ರಾಬೆರಿ ಪೇಸ್ಟನ್ನೇ ಥೂ ಎನ್ನುವವರ ಮುಂದೆ ಎಕ್ಕದ ಕಡ್ಡಿ ಹಿಡಿಯುವ ಎದೆಗಾರಿಕೆ ಇಂದು ಯಾವ ಅಪ್ಪನಿಗೂ ಇಲ್ಲ. ಗಮನಿಸಬೇಕಾದ್ದು ಮುಂದಿನ ಭಾಗ. ಅಜೀರ್ಣ, ವಾಂತಿ, ಕೆಮ್ಮು, ಜ್ವರ, ಬಾಯಾರಿಕೆ, ಬಾಯಿಹುಣ್ಣು, ಕಣ್ಣು-ಕಿವಿ-ತಲೆಯ ಬೇನೆ ಇರುವವರು ಹಲ್ಲುಜ್ಜಬಾರದೆಂದು ಅಲ್ಲಿ ವಿನಾಯಿತಿಯಿದೆ. ಬ್ರಷ್ ಕಂಡೊಡನೆ ಮಗು ಕೆಮ್ಮುತ್ತದೆ. ಆಮೇಲೆ ನೀರು ಬೇಕು. ಆಮೇಲೆ ಕಿವಿ ನೋವು. ಪಟ್ಟಿಯ ಕ್ರಮ ತುಸು ಹಿಂದುಮುಂದಾದೀತು, ಅಷ್ಟೇ.

ಅಜ್ಜಿಯದು ಪ್ರತ್ಯೇಕ ಪಂಥ. “ಹಾಲುಹಲ್ಲು ತಾನೆ? ಹೇಗೂ ಬಿದ್ದುಹೋಗತ್ತೆ. ಸುಮ್ಮನೆ ಯಾಕೆ ಮಗೂನ ಅಳಿಸ್ತೀರಿ?” ಇದು ಶುದ್ಧ ಮಾಯಾವಾದ: ನಶಿಸುವುದೆಲ್ಲ ಮಿಥ್ಯೆ. ಆದರೆ ಮಿಥ್ಯೆಯಾದ ಈ 20 ಹಲ್ಲುಗಳಲ್ಲಿ ದವಡೆಯವು ಹತ್ತು-ಹನ್ನೆರಡನೆಯ ವಯಸ್ಸಿನವರೆಗೂ ಅಲ್ಲೇ ಇದ್ದು, ಹಿಂದೆ ಬರುವ ಖಾಯಂ ಹಲ್ಲುಗಳಿಗೆ ಜಾಗ ಕಾದಿಡುತ್ತವೆ. ಹುಳುಕಾದರೆ ನೋವು ವ್ಯಾವಹಾರಿಕ ಸತ್ಯವೇ. ಆ ನೋವಿಗೆ ರಾತ್ರಿಯೆಲ್ಲ ಎದ್ದು ಕೂರುವವರು ಅಪ್ಪ-ಅಮ್ಮ, ಅದು ಪಾರಮಾರ್ಥಿಕ.

ಪೇಸ್ಟಿನ ಪ್ರಮಾಣದಲ್ಲಿ ದಂತವೈದ್ಯರ ವಚನ ಸ್ಪಷ್ಟ: ಫ್ಲೋರೈಡ್ ಪೇಸ್ಟಾದರೆ ಮೂರು ವರ್ಷ ತುಂಬುವವರೆಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು. ಸೋನಾ ಮಸೂರಿಯೋ ರಾಜಮುಡಿಯೋ ಕುಚ್ಚಲಕ್ಕಿಯೋ ಎಂಬಲ್ಲಿ ಟೀಕಾಕಾರರಿಗೆ ಮತಭೇದವಿದೆ. ಕರಾವಳಿಯವರು ಕುಚ್ಚಲಕ್ಕಿಯ ಪಕ್ಷ ಹಿಡಿದಿರುವುದು ನಿರೀಕ್ಷಿತ. ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಅಲೆಯೆದ್ದಂತೆ ಪೇಸ್ಟು ಹಿಂಡುತ್ತಾರಲ್ಲ, ಅದು ಯಾವ ಶಾಸ್ತ್ರಕ್ಕೂ ಸಮ್ಮತವಲ್ಲ.

ಇನ್ನು ಸಿದ್ಧಾಂತ. ಮಗುವಿಗೆ ಬ್ರಷ್ಷಿನ ಮೇಲೆ ದ್ವೇಷವೇನಿಲ್ಲ. ಅದೇ ಬ್ರಷ್ಷಿನಿಂದ ಅಪ್ಪನ ಹಲ್ಲನ್ನು, ಗೊಂಬೆಯ ಹಲ್ಲನ್ನು, ನಲ್ಲಿಯನ್ನು, ಸಿಕ್ಕಿದರೆ ಬೆಕ್ಕನ್ನೂ ಅದು ಶ್ರದ್ಧೆಯಿಂದ ಉಜ್ಜುತ್ತದೆ. ಹಾಗಾದರೆ ದೋಷವೆಲ್ಲಿ? ವಾಕ್ಯದಲ್ಲಿ. “ಅಮ್ಮ ಬ್ರಷ್ಷಿನಿಂದ ಮಗುವಿನ ಹಲ್ಲನ್ನು ಉಜ್ಜುತ್ತಾಳೆ.” ಅಮ್ಮ ಕರ್ತೃ, ಬ್ರಷ್ ಕರಣ, ಹಲ್ಲು ಕರ್ಮ. ಮಗುವಿಗೆ ದಕ್ಕಿದ್ದು ಬರೀ ಷಷ್ಠೀ ವಿಭಕ್ತಿ. ಪಾಣಿನಿಯ ಆರು ಕಾರಕಗಳಲ್ಲಿ ಷಷ್ಠಿಯ ಸಂಬಂಧಕ್ಕೆ ಜಾಗವೇ ಇಲ್ಲ. ಕ್ರಿಯೆಯೆಲ್ಲ ತನ್ನ ಬಾಯೊಳಗೇ ನಡೆಯುವಾಗ ತಾನು ಕಾರಕವೇ ಅಲ್ಲವೆಂದರೆ ಮಾನವಂತರು ಯಾರಾದರೂ ಬಾಯಿ ತೆರೆದಾರೆಯೇ?

ಹಾಗೆಂದು ಪ್ರಥಮಾ ವಿಭಕ್ತಿಯನ್ನು ಪೂರ್ತಿ ಬಿಟ್ಟುಕೊಟ್ಟರೆ ಅತಿವ್ಯಾಪ್ತಿ. ಆರೇಳು ವರ್ಷದವರೆಗೆ ಮಕ್ಕಳ ಕೈಗೆ ಸರಿಯಾಗಿ ಉಜ್ಜುವಷ್ಟು ಹದ ಬಂದಿರುವುದಿಲ್ಲ. ಎರಡು ವರ್ಷದ ಕರ್ತೃ ಪೇಸ್ಟನ್ನು ಚೀಪಿ, ಬ್ರಷ್ಷಿನ ಎಳೆಗಳನ್ನು ಅಗಿದು ಕ್ರಿಯೆ ಮುಗಿಯಿತೆಂದು ಘೋಷಿಸುತ್ತದೆ. ಆದ್ದರಿಂದ ಎರಡು ಬ್ರಷ್: ಒಂದು ಅದರ ಕೈಗೆ, ಇನ್ನೊಂದು ನಿಮ್ಮ ಕೈಗೆ. ಕನ್ನಡಕ್ಕೆ ದ್ವಿವಚನ ಬೇಕಾಗಿಲ್ಲದಿರಬಹುದು, ಬಚ್ಚಲಿಗೆ ಬೇಕು. ಮೊದಲು ಅದು ಉಜ್ಜಲಿ, ಆಮೇಲೆ ತಲೆಯನ್ನು ಮಡಿಲಲ್ಲಿಟ್ಟು ಮಲಗಿಸಿಕೊಂಡು ನೀವು ಮುಗಿಸಿ. ಒಳಗಿನ ದವಡೆ ಚೆನ್ನಾಗಿ ಕಾಣುತ್ತದೆಂದು ದಂತವೈದ್ಯರೂ ಈ ಭಂಗಿಯನ್ನೇ ಹೇಳುತ್ತಾರೆ. ಕಾಲು ನೀಡಿ ಕೂತು ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ಎಣ್ಣೆನೀರು ಹಾಕುತ್ತಿದ್ದ ಅಜ್ಜಿಗೆ ಇದರಲ್ಲಿ ಹೊಸತೇನೂ ಕಾಣದು. ಅದನ್ನು ಅವರು ದಿನಕ್ಕೊಮ್ಮೆಯಾದರೂ ಹೇಳುತ್ತಾರೆ.

ರಾತ್ರಿ ಮಲಗುವ ಮುನ್ನ ಉಜ್ಜಿದ ಮೇಲೆ ನೀರು ಬಿಟ್ಟು ಬೇರೇನನ್ನೂ ಕೊಡಬಾರದೆಂಬುದು ಈ ಶಾಸ್ತ್ರದ ಅಂತಿಮ ಅಧಿಕರಣ. ಇದಕ್ಕೆ ಗ್ರಂಥಕರ್ತ ಎಂಟು ಯುಕ್ತಿಗಳನ್ನು ಸಿದ್ಧಪಡಿಸಿಕೊಂಡಿದ್ದ. ಮೊದಲನೆಯದನ್ನು ಮಂಡಿಸಲು ಬಚ್ಚಲಿನಿಂದ ಹೊರಬರುವಷ್ಟರಲ್ಲಿ, “ಜಾಣಮರಿ, ಅಳದೇ ಹಲ್ಲುಜ್ಜಿಸ್ಕೊಂಡ್ಯಲ್ಲ!” ಎಂದು ಅಜ್ಜಿ ಮೆಚ್ಚಿ ಕೊಟ್ಟ ಬೆಲ್ಲದ ಚೂರು ಪೂರ್ವಪಕ್ಷಿಯ ಬಾಯಲ್ಲಿತ್ತು. ಅದನ್ನು ಉಗುಳೆಂದು ಕೇಳಿದ್ದಕ್ಕೆ ಸೂತ್ರ ಮತ್ತೊಮ್ಮೆ ಮೊಳಗಿತು.