ಕುರ್ಚಿ ಬಿಡದ ಆಡಳಿತಗಾರ

ಬೆಂಗಳೂರಿನ ಕಚೇರಿಗಳಲ್ಲಿ ಕಾಣಸಿಗುವ ಸಿಸ್ಟಮ್ ಅಡ್ಮಿನ್‌ಗಳಲ್ಲಿ ಎರಡು ಪಂಗಡಗಳುಂಟು: ದೂರು ಬಂದೊಡನೆ ಎದ್ದು ಹೋಗಿ ಯಂತ್ರವನ್ನು ಮುಟ್ಟಿ ನೋಡುವವರು, ಮತ್ತು ಎಂಥ ದೂರು ಬಂದರೂ ಕುಳಿತಲ್ಲಿಂದ ಕದಲದೆ ಸ್ಕ್ರಿಪ್ಟ್ ಬರೆಯುವವರು. ಮೊದಲನೆಯವರ ಬಗ್ಗೆ ಹೇಳುವುದು ಹೆಚ್ಚಿಲ್ಲ. ಅವರು ಕೇಬಲ್ ಕಿತ್ತು ಮತ್ತೆ ಸಿಕ್ಕಿಸುತ್ತಾರೆ, ಕೆಲಸ ಆಗುತ್ತದೆ. ಅಧ್ಯಯನಯೋಗ್ಯನು ಎರಡನೆಯವನು.

ಈತನ ಶಕ್ತಿಯ ಮೂಲ ವಿಂಡೋಸ್ ಮ್ಯಾನೇಜ್‌ಮೆಂಟ್ ಇನ್‌ಸ್ಟ್ರುಮೆಂಟೇಶನ್, ಅಂದರೆ ಡಬ್ಲ್ಯುಎಂಐ. ಗಣಕದೊಳಗಿನ ಡಿಸ್ಕ್, ಸರ್ವಿಸ್, ಪ್ರಿಂಟರ್ ಮುಂತಾದ ಪ್ರತಿಯೊಂದನ್ನೂ ಗುಣಲಕ್ಷಣಗಳುಳ್ಳ ಒಂದೊಂದು ಆಬ್ಜೆಕ್ಟ್ ಎಂದು ಎಣಿಸಿ, ಆ ಗುಣಗಳನ್ನು ಪ್ರೋಗ್ರಾಂ ಮೂಲಕ ದೂರದಿಂದಲೇ ಓದಲು, ಕೆಲವನ್ನು ತಿದ್ದಲು ಅವಕಾಶ ಕೊಡುವ ಈ ವ್ಯವಸ್ಥೆ ವಿಂಡೋಸ್ 2000ದ ಕಾಲದಿಂದ ಆಪರೇಟಿಂಗ್ ಸಿಸ್ಟಮ್‌ನ ಜೊತೆಗೇ ಬರುತ್ತಿದೆ. ದೂರದಿಂದಲೇ ಎಂಬ ಒಂದು ಪದವೇ ಈತನ ಜೀವನವನ್ನು ನಿರ್ಧರಿಸಿತು.

ನಾಲ್ಕು ಮೇಜುಗಳಾಚೆ ಕುಳಿತ ಅಕೌಂಟ್ಸ್ ವಿಭಾಗದ ಮಹಿಳೆ, "ಸಿ ಡ್ರೈವ್ ತುಂಬಿದೆ ಅಂತಿದೆ, ಸ್ವಲ್ಪ ಬಂದು ನೋಡಿ ಸಾರ್" ಎಂದರೆ, "ಬರೋದ್ಯಾಕೆ ಮೇಡಂ, ಇಲ್ಲಿಂದಲೇ ತೆಗೀತೀನಿ" ಎಂಬ ಉತ್ತರ ಬರುತ್ತದೆ. ಬಳಿಕ ವಿನ್32_ಲಾಜಿಕಲ್‌ಡಿಸ್ಕ್ ಎಂಬ ವರ್ಗದಿಂದ ಡ್ರೈವ್‌ಟೈಪ್ 3, ಎಂದರೆ ಯಂತ್ರದೊಳಗಿನ ಡಿಸ್ಕ್, ಆಗಿರುವುದನ್ನು ಮಾತ್ರ ಆಯ್ದು ಕೊಡುವಂತೆ ಪ್ರಶ್ನೆ ಬರೆಯಲಾಗುತ್ತದೆ. ಆರ್‌ಪಿಸಿ ಸರ್ವರ್ ಲಭ್ಯವಿಲ್ಲವೆಂಬ ಉತ್ತರ ಬರುತ್ತದೆ. ಫೈರ್‌ವಾಲ್ ಜೊತೆ ಅರ್ಧ ಗಂಟೆ ಹೋರಾಟ ನಡೆಯುತ್ತದೆ. ಕಡೆಗೆ ಉಳಿದ ಜಾಗ 1073741824 ಬೈಟ್ ಎಂದು, ಅಂದರೆ ಕೇವಲ ಒಂದು ಜಿಬಿ ಎಂದು, ವಿಜಯೋತ್ಸಾಹದಿಂದ ಘೋಷಣೆಯಾಗುತ್ತದೆ. ಜಾಗವಿಲ್ಲವೆಂಬುದು ಆಕೆಗೆ ಮೊದಲೇ ಗೊತ್ತಿತ್ತು. ಫ್ರೀಸ್ಪೇಸ್ ಎಂಬ ಆ ಗುಣ ಓದಲಷ್ಟೇ ದೊರೆಯುವಂಥದು, ತಿದ್ದಲು ಬರುವುದಿಲ್ಲ. ಜಾಗ ಬೇಕಾದರೆ ಯಾರಾದರೂ ಫೈಲುಗಳನ್ನು ಅಳಿಸಬೇಕು, ಅದು ತನ್ನ ಕೆಲಸವಲ್ಲವೆಂದು ಈತ ಬಲ್ಲ.

ಯಂತ್ರ ಯಾವಾಗ ಶುರುವಾಯಿತೆಂದು ಕೇಳಿದರೆ ಡಬ್ಲ್ಯುಎಂಐ 20240610091502.500000+330 ಎಂಬಂಥ ಸಾಲನ್ನು ಕೊಡುತ್ತದೆ. ಇದು 2024ರ ಜೂನ್ 10ರ ಬೆಳಿಗ್ಗೆ 9 ಗಂಟೆ 15 ನಿಮಿಷವೆಂದೂ, ಕೊನೆಯ 330 ಎಂಬುದು ಭಾರತೀಯ ಕಾಲಮಾನದ ಐದೂವರೆ ಗಂಟೆಗಳನ್ನು ನಿಮಿಷಕ್ಕಿಳಿಸಿದ ಲೆಕ್ಕವೆಂದೂ ಈತ ಒಂದೇ ಉಸಿರಿನಲ್ಲಿ ಓದಬಲ್ಲ. ಊಟದ ಹೊತ್ತು ಮೀರಿದ್ದು ಮಾತ್ರ ತಿಳಿದಿರುವುದಿಲ್ಲ.

ಓದುವುದರಲ್ಲಿ ಇಷ್ಟು ಪಳಗಿದವನು ತಿದ್ದುವಲ್ಲಿ ಎಡವುವುದು ಗಮನಾರ್ಹ. ಸ್ಕ್ರಿಪ್ಟ್ ಕೈಗೆ ಬರುವ ಆಬ್ಜೆಕ್ಟ್ ನಕಲು ಮಾತ್ರ. ಪಹಣಿಯ ಜೆರಾಕ್ಸ್ ಮೇಲೆ ಹೆಸರು ತಿದ್ದಿದರೆ ತಾಲ್ಲೂಕು ಕಚೇರಿಯ ದಾಖಲೆ ಹೇಗೆ ಬದಲಾಗದೋ ಹಾಗೆಯೇ, ಡ್ರೈವ್‌ನ ವಾಲ್ಯೂಮ್‌ನೇಮ್ ಗುಣಕ್ಕೆ ಹೊಸ ಹೆಸರು ಬರೆದ ಮಾತ್ರಕ್ಕೆ ಡ್ರೈವ್‌ನ ಹೆಸರು ಬದಲಾಗದು. ಪುಟ್ ಎಂಬ ವಿಧಾನವನ್ನು ಕರೆದು ನಕಲನ್ನು ಯಂತ್ರಕ್ಕೆ ಮರಳಿ ಒಪ್ಪಿಸಬೇಕು. ಆ ಒಂದು ಸಾಲನ್ನು ಮರೆತು, ಎಲ್ಲವನ್ನೂ ಬದಲಿಸಿದ್ದಾಗಿದೆ ಎಂದು ಮೇಲಧಿಕಾರಿಗೆ ಇಮೇಲ್ ಕಳಿಸುವುದು ಈ ಪಂಗಡದ ಮುಖ್ಯ ಲಕ್ಷಣ. ಸ್ಕ್ರಿಪ್ಟ್ ಯಾವ ತಕರಾರೂ ಎತ್ತದೆ ಮುಗಿದಿರುತ್ತದೆ.

ಇದಕ್ಕೆ ವಿರುದ್ಧವಾದ ಪವಾಡವೂ ಉಂಟು. ಯಾವ ಯಾವ ತಂತ್ರಾಂಶಗಳಿವೆಯೆಂದು ತಿಳಿಯಲು ವಿನ್32_ಪ್ರಾಡಕ್ಟ್ ವರ್ಗವನ್ನು ಕೇಳಿದರೆ, ಅದು ವಿಂಡೋಸ್ ಇನ್‌ಸ್ಟಾಲರ್ ಮೂಲಕ ಹಾಕಿದ ಪ್ರತಿಯೊಂದು ತಂತ್ರಾಂಶವನ್ನೂ ತಪಾಸಣೆ ಮಾಡಿ, ಕೆಟ್ಟಿದ್ದು ಕಂಡರೆ ದುರಸ್ತಿಗೂ ತೊಡಗುತ್ತದೆ. ಹೀಗೆ ಬರೀ ಪಟ್ಟಿ ಕೇಳಿದವನು ಬೆಳಿಗ್ಗೆ ಹತ್ತು ಗಂಟೆಗೆ ಇಡೀ ಕಚೇರಿಯ ಯಂತ್ರಗಳನ್ನು ತೆವಳಿಸಿ, ನೆಟ್‌ವರ್ಕ್ ಸರಿಯಿಲ್ಲವೆಂದು ಎಲ್ಲರಿಗೂ ಸಮಾಧಾನ ಹೇಳುತ್ತಾನೆ.

ಸ್ಕ್ರಿಪ್ಟ್ ಬರೆಯಲು 2006ರಲ್ಲಿ ಹೊಸ ಸಾಧನವಾಗಿ ಪವರ್‌ಶೆಲ್ ಬಂತು, 2012ರಲ್ಲಿ ಅದಕ್ಕೆ ಸಿಐಎಂ ಎಂಬ ಹೊಸ ಆದೇಶಗಳು ಸೇರಿದವು, 2023ರಲ್ಲಿ ಮೈಕ್ರೋಸಾಫ್ಟ್ ಈತನ ಸ್ಕ್ರಿಪ್ಟ್‌ಗಳ ಹಳೆಯ ಭಾಷೆಯಾದ ವಿಬಿಸ್ಕ್ರಿಪ್ಟ್‌ನ ನಿವೃತ್ತಿಯನ್ನೂ ಸಾರಿತು. ಬಿಡುವಾದಾಗ ಎಲ್ಲವನ್ನೂ ಹೊಸದಾಗಿ ಬರೆಯುವುದಾಗಿ ಈತ ಹೇಳುತ್ತಿದ್ದಾನೆ. ಹೊಸ ಆದೇಶಗಳಲ್ಲೂ ತಿದ್ದಿದ್ದನ್ನು ಯಂತ್ರಕ್ಕೆ ಒಪ್ಪಿಸುವ ಸಾಲು ಬೇರೆಯೇ ಇರುವುದರಿಂದ, ಈತನಿಂದ ಕೆಲಸವಾಗಬೇಕಾದವರು "ಆಯಿತೇ" ಎಂದು ಕೇಳುವ ಬದಲು "ಒಪ್ಪಿಸಿದಿರಾ" ಎಂದು ಕೇಳುವುದು ಒಳ್ಳೆಯದು.