ಪವರ್ ಆನ್ ಆಗುತ್ತದಂತೆ!

ಹಳೆಯ ಫ್ಲೋ ಸೈಟೋಮೀಟರ್ ಮಾರಲು ಹೊರಟ ಮಾನ್ಯರಿಗೆ,

ತಾವು ಕಳಿಸಿದ ಕೊಟೇಶನ್, ಫೋಟೊಗಳು, ಜೊತೆಗೊಂದು ಪುಟ್ಟ ವಿಡಿಯೊ ಎಲ್ಲ ತಲುಪಿದವು. ಯಂತ್ರದ ಗುಣಗಾನಕ್ಕೆ ತಾವು ಬಳಸಿರುವುದು ಮೂರೇ ಮಾತು: ಫಾರಿನ್ ಲ್ಯಾಬಿನದು, ಸಿಂಗಲ್ ಓನರ್, ಪವರ್ ಆನ್ ಆಗುತ್ತದೆ. ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟೊಂದು ವಿಷಯ ಮುಚ್ಚಿಡುವ ಕಲೆ ನಮ್ಮ ವಿಶ್ವವಿದ್ಯಾಲಯದ ವಾರ್ಷಿಕ ವರದಿಗೂ ಒಲಿದಿಲ್ಲ. ಪವರ್ ಆನ್ ಆಗುವುದನ್ನು ಹಗುರವಾಗಿ ಕಾಣುವವನು ನಾನಲ್ಲ. ನಮ್ಮ ಕಾರಿಡಾರಿನ ಟ್ಯೂಬ್‌ಲೈಟಿಗೆ ಅದಿನ್ನೂ ಸಾಧ್ಯವಾಗಿಲ್ಲ.

ಪತ್ರ ಬಹಿರಂಗವಾದ್ದರಿಂದ ಹೆಗಲ ಮೇಲಿಂದ ಇಣುಕಿ ಓದುವವರಿಗೂ ಒಂದು ಮಾತು. ಈ ಯಂತ್ರದೊಳಗೆ ಜೀವಕೋಶಗಳು ಒಂದರ ಹಿಂದೊಂದು ಸಾಲಾಗಿ ಲೇಸರ್ ಕಿರಣವನ್ನು ದಾಟುತ್ತವೆ, ಸೆಕೆಂಡಿಗೆ ಸಾವಿರಗಟ್ಟಲೆ. ಬೆಳಕು ಎಷ್ಟು ಚದುರಿತು, ಅಂಟಿಸಿದ ಬಣ್ಣ ಎಷ್ಟು ಹೊಳೆಯಿತು ಎಂಬುದರಿಂದ ಯಾವ ಕೋಶ ಯಾವ ಜಾತಿಯದು ಎಂದು ತಿಳಿಯುತ್ತದೆ. ಎಚ್‌ಐವಿ ರೋಗಿಗಳ ಸಿಡಿ4 ಎಣಿಕೆ, ರಕ್ತದ ಕ್ಯಾನ್ಸರಿನ ವರ್ಗೀಕರಣ ಎಲ್ಲ ನಡೆಯುವುದು ಹೀಗೆ. ತಾವು ಮಾರುತ್ತಿರುವ ಫ್ಯಾಕ್ಸ್‌ಕ್ಯಾಲಿಬರ್ 1990ರ ದಶಕದ ಮಾದರಿ, ಒಂದು ಕಾಲಕ್ಕೆ ಲೋಕದ ತುಂಬ ದುಡಿದದ್ದು. ಅದರ ಮೇಲೆ ನನಗೆ ಗೌರವವಿದೆ. ತಕರಾರು ಇರುವುದು ತಮ್ಮ ವಿಡಿಯೊ ಮೇಲೆ.

ವಿಡಿಯೊದಲ್ಲಿ ಮುಚ್ಚಳ ತೆರೆದಿದೆ, ನೀಲಿ ಬೆಳಕು ಕಾಣುತ್ತದೆ, ಹಿನ್ನೆಲೆಯಲ್ಲಿ ವೀಣೆ ನುಡಿಯುತ್ತದೆ. ಆ ಬೆಳಕು 488 ನ್ಯಾನೋಮೀಟರಿನ ಆರ್ಗಾನ್ ಲೇಸರಿನದು. ಅನಿಲ ತುಂಬಿದ ಆ ಕೊಳವೆಗೆ ಆಯುಸ್ಸನ್ನು ಗಂಟೆಗಳಲ್ಲಿ ಎಣಿಸಿಕೊಟ್ಟಿರುತ್ತಾರೆ. ವಯಸ್ಸಾದಂತೆ ಅದು ಮಂಕಾಗಿ ತನ್ನ ಮುಪ್ಪು ತೋರಿಸುವುದಿಲ್ಲ. ಅಷ್ಟೇ ಬೆಳಕು ಕೊಡಲು ಮೊದಲಿಗಿಂತ ಹೆಚ್ಚು ಕರೆಂಟು ಎಳೆಯುತ್ತ ಹೋಗುತ್ತದೆ, ಇನ್ನು ಎಳೆಯಲಾರೆನೆಂಬ ದಿನ ಕೈಚೆಲ್ಲುತ್ತದೆ. ಲೇಸರಿನ ಶಕ್ತಿ ಎಷ್ಟು, ಅದು ಎಳೆಯುತ್ತಿರುವ ಕರೆಂಟು ಎಷ್ಟು ಎಂಬ ಎರಡೂ ಅಂಕಿ ಅದೇ ಯಂತ್ರದ ಸಾಫ್ಟ್‌ವೇರಿನ ಸ್ಟೇಟಸ್ ಕಿಟಕಿಯಲ್ಲಿ ಸಿಗುತ್ತವೆ. ತಮ್ಮ ಕ್ಯಾಮೆರಾ ಮುಚ್ಚಳ, ಸ್ಟಿಕ್ಕರ್, ಮೇಜಿನ ಮೇಲಿನ ಹೂದಾನಿ ಎಲ್ಲವನ್ನೂ ಸುತ್ತಿ ಬಂದು ಆ ಕಿಟಕಿಯ ಹತ್ತಿರ ಮಾತ್ರ ನಾಚಿಕೊಂಡಿದೆ. ದನದ ಜಾತ್ರೆಯಲ್ಲಿ ಮುದಿ ಎತ್ತು ಮಾರುವವನೂ ಗಿರಾಕಿ ಕೇಳಿದರೆ ಅದರ ಬಾಯಿ ಬಿಡಿಸಿ ಹಲ್ಲು ತೋರಿಸುತ್ತಾನೆ, ಸ್ವಾಮಿ.

ಇನ್ನು ಸಿಂಗಲ್ ಓನರ್. ಓನರ್ ಒಬ್ಬರೇ ಇದ್ದಿರಬಹುದು, ಬಳಸಿದವರು ಪಿಎಚ್‌ಡಿ ವಿದ್ಯಾರ್ಥಿಗಳು. ಕೊನೆಗೆ ಉಳಿದವರು ಬ್ಲೀಚ್ ಹಾಯಿಸಿ, ನೀರು ಹಾಯಿಸಿ ತೊಳೆಯಲಿ ಎಂದು ಪ್ರತಿಯೊಬ್ಬರೂ ಬಸ್ಸು ಹಿಡಿಯಲು ಓಡುವ ಜಾತಿ ಅದು. ಬರಿಯ ದೂಷಣೆಯಲ್ಲ ಇದು, ತಮ್ಮ ಫೋಟೊದಲ್ಲೇ ಸಾಕ್ಷಿಯಿದೆ. ಸ್ಯಾಂಪಲ್ ಹೀರುವ ಸೂಜಿಯ ಬುಡದಲ್ಲಿ ಬೆಳ್ಳಗೆ ಹರಳುಗಟ್ಟಿದೆ. ಕೋಶಗಳನ್ನು ಸುತ್ತುವರಿದು ಹರಿಯುವ ಉಪ್ಪುನೀರನ್ನು ಕೊಳವೆಗಳಲ್ಲೇ ಬಿಟ್ಟು ಹೋದರೆ ಹೊರಗೆ ಕಾಣುವುದು ಇದು; ಒಳಗೆ, ಕೂದಲೆಳೆಯಂಥ ದಾರಿಗಳಲ್ಲಿ ಏನಾಗಿರುತ್ತದೆಂದು ತಾವೇ ಊಹಿಸಿ. ಆ ಕೊಳವೆಗಳಲ್ಲಿ ಹರಿದದ್ದು ಮನುಷ್ಯರ ರಕ್ತವೋ ಇಲಿಯದೋ ಎಂಬ ಪ್ರಶ್ನೆಗೆ ತಮ್ಮ ಉತ್ತರ ‘ನೋ ಇಶ್ಯೂ ಸರ್’. ಸೋಂಕು ನಿವಾರಣೆಯ ಪ್ರಮಾಣಪತ್ರ ಕೇಳಿದೆ, ಮತ್ತೆ ಸಿಂಗಲ್ ಓನರ್ ಎಂದಿರಿ.

ಕೊಟೇಶನ್ನಿನ ತಲೆಬರಹದಲ್ಲಿ ‘ಸೆಲ್ ಸಾರ್ಟರ್’ ಎಂದಿದೆ. ಬಣ್ಣದ ಹೊಳಪು ನೋಡಿ ಕೋಶಗಳನ್ನು ಬೇರ್ಪಡಿಸುವ ಯಂತ್ರವನ್ನು ಸ್ಟ್ಯಾನ್‌ಫರ್ಡಿನಲ್ಲಿ ಲೆನಾರ್ಡ್ ಹರ್ಜನ್‌ಬರ್ಗ್ ಅವರ ತಂಡ 1969ರಲ್ಲಿ ಲೋಕಕ್ಕೆ ತಿಳಿಸಿತು. ಈ ಮಾದರಿಯಲ್ಲಿ ಆ ಸೌಕರ್ಯ ಬೇಕೆಂದವರಿಗೆ ಮಾತ್ರ ಇರುತ್ತಿತ್ತು, ಇದ್ದರೆ ಕೋಶ ಹಿಡಿದಿಡುವ ಟ್ಯೂಬುಗಳ ಜಾಗ ಕಣ್ಣಿಗೆ ಬೀಳಬೇಕು. ಫೋಟೊದಲ್ಲಿ ಸಾರ್ಟರ್ ಇಲ್ಲ. ಬೆಲೆಯಲ್ಲಿ ಇದೆ.

ಯಂತ್ರದ ಜೊತೆ ಅದರ ಹಳೆಯ ಮ್ಯಾಕ್ ಕಂಪ್ಯೂಟರ್ ಉಚಿತ ಎಂದಿದ್ದೀರಿ. ಔದಾರ್ಯಕ್ಕೆ ಶರಣು. ಆ ಕಂಪ್ಯೂಟರ್, ಅದರ ಒಳಗಿನ ಕಾರ್ಡು, ಅದರ ಹಳೆಯ ಸಾಫ್ಟ್‌ವೇರ್ ಇಲ್ಲದೆ ಯಂತ್ರ ಮೂಗ. ಆದರೆ ನಮ್ಮ ದೇಶದ ವಿದೇಶ ವ್ಯಾಪಾರ ನೀತಿಯಲ್ಲಿ ಒಂದು ಸೊಗಸಿದೆ. ಬಳಸಿದ ಯಂತ್ರೋಪಕರಣಗಳನ್ನು ಸಾಮಾನ್ಯವಾಗಿ ತರಿಸಬಹುದು. ಬಳಸಿದ ಡೆಸ್ಕ್‌ಟಾಪ್ ಕಂಪ್ಯೂಟರ್, ಏರ್ ಕಂಡೀಷನರ್, ಡೀಸೆಲ್ ಜನರೇಟರ್ ಇಂಥವಕ್ಕೆ ಪರವಾನಗಿ ಬೇಕು. ಅಂದರೆ ಯಂತ್ರವನ್ನು ನಡೆಸುವುದು, ತಂಪಾಗಿಡುವುದು, ಕರೆಂಟು ಹೋದಾಗ ಬದುಕಿಸುವುದು, ಈ ಮೂರನ್ನೂ ಬಿಟ್ಟು ಉಳಿದದ್ದೆಲ್ಲ ಬಂದರಿನಲ್ಲಿ ಸಲೀಸಾಗಿ ಇಳಿಯುತ್ತದೆ.

ತಮ್ಮನ್ನೊಬ್ಬರನ್ನೇ ಅಂದರೆ ಅನ್ಯಾಯವಾದೀತು. ನಮ್ಮ ಖರೀದಿ ಸಮಿತಿ ಈ ಒಂದೇ ಹಳೆಯ ಯಂತ್ರಕ್ಕೆ ಮೂರು ಕೊಟೇಶನ್ ಕೇಳಿದೆ. ಅತಿ ಕಡಿಮೆ ಬೆಲೆಯವರಿಗೇ ಆರ್ಡರ್ ಎಂಬುದು ಅವರ ಧರ್ಮ. ಹಾಗಾದರೆ ಪವರ್ ಆನ್ ಆಗದ ಯಂತ್ರ ಇಟ್ಟುಕೊಂಡವರೇ ಗೆಲ್ಲುತ್ತಾರೆ, ತಮಗೆ ಪೈಪೋಟಿ ಬಿಗಿಯಾಗಿದೆ. ಹೊಸ ಯಂತ್ರ ಕೊಡಿಸಿ ಎಂದರೆ ದುಡ್ಡಿಲ್ಲ ಎನ್ನುತ್ತಾರೆ. ಹಳೆಯದಕ್ಕೆ ವರ್ಷವರ್ಷ ಲೇಸರ್, ಫಿಲ್ಟರ್, ಸರ್ವಿಸ್ ಎಂದು ಸುರಿಯುವ ದುಡ್ಡು ಬೇರೆ ಲೆಕ್ಕದ ಶೀರ್ಷಿಕೆ. ಮೂಗಿಗಿಂತ ಮೂಗುತಿ ಭಾರವಾದರೂ ಆಡಿಟ್ಟಿಗೆ ಕಾಣುವುದಿಲ್ಲ. ತಯಾರಕರು ಈ ಮಾದರಿಯನ್ನು ನಿಲ್ಲಿಸಿ ಎಷ್ಟೋ ಕಾಲವಾಯಿತು ಎಂದೆ. ‘ಹಾಗಾದರೆ ಅಪರೂಪದ್ದು’ ಎಂದು ಸದಸ್ಯರೊಬ್ಬರು ತಲೆದೂಗಿದರು.

ಆದರೂ ಕೊಳ್ಳುವ ಮನಸ್ಸಿದೆ. ನಾಲ್ಕು ಬಣ್ಣ ನೋಡುವ ಯಂತ್ರ ನಮ್ಮ ವಿದ್ಯಾರ್ಥಿಗಳಿಗೆ ಧಾರಾಳ ಸಾಕು. ಹಡಗು ಹತ್ತಿಸುವ ಮೊದಲು ವಿಡಿಯೊ ಕಾಲ್‌ನಲ್ಲಿ ರೇನ್‌ಬೋ ಬೀಡ್ಸ್ ಓಡಿಸಿ ತೋರಿಸಿ. ಎಂಟು ಹೊಳಪಿನ ಮಣಿಗಳು ಅವು, ಪರದೆಯ ಮೇಲೆ ಎಂಟು ಶಿಖರ ಬಿಡಿಬಿಡಿಯಾಗಿ ನಿಲ್ಲಬೇಕು. ಮಂಕು ಮಣಿಗಳ ಶಿಖರಗಳು ಒಂದರ ಮೇಲೊಂದು ಬಿದ್ದು ಮಲಗಿದರೆ ಲೇಸರೋ ಡಿಟೆಕ್ಟರೋ ಜೋಡಣೆಯೋ ಕೆಟ್ಟಿದೆ ಎಂದರ್ಥ. ಫೋಟೊ ಬೇಡ, ಮೂಲ ಡೇಟಾ ಫೈಲನ್ನೇ ಕಳಿಸಿ. ಇಲ್ಲಿಗೆ ಬಂದಿಳಿದ ಮೇಲೆ ಅದೇ ಬೀಡ್ಸ್ ಮತ್ತೆ ಓಡಿಸೋಣ, ಏಕೆಂದರೆ ಕನ್ನಡಿ, ಮಸೂರಗಳಿಗೆ ನಮ್ಮ ರಸ್ತೆಗಳ ಪರಿಚಯವಿಲ್ಲ. ವೀಣೆ ಇರಲಿ, ಅಡ್ಡಿಯಿಲ್ಲ.

ಕೊನೆಗೆ ಹಣ. ‘ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ’ ಎಂಬ ತಮ್ಮ ಷರತ್ತು ನಮಗೆ ಬಹಳ ಹಿಡಿಸಿತು. ಅದೇ ಷರತ್ತಿನ ಮೇಲೆ ಪೂರ್ತಿ ಹಣವನ್ನು ಮುಂಗಡವಾಗಿ ಒಪ್ಪಿಸಲು ಸಿದ್ಧರಿದ್ದೇವೆ. ಸದ್ಯ ಅದು ಪ್ರಾಜೆಕ್ಟಿನ ಎರಡನೇ ಕಂತಿನ ರೂಪದಲ್ಲಿ ದೆಹಲಿಯಲ್ಲಿದೆ. ಮಂಜೂರಾತಿ ಪತ್ರದ ಫೋಟೊ ಲಗತ್ತಿಸಿದ್ದೇನೆ. ಕಂಡೀಷನ್ ಚೆನ್ನಾಗಿದೆ, ಸಹಿ ಕಾಣುತ್ತದೆ. ಹಣ ಬಳಕೆಯ ಪ್ರಮಾಣಪತ್ರ ಸಲ್ಲಿಸಿ, ಕಡತವನ್ನು ಮೇಜಿನಿಂದ ಮೇಜಿಗೆ ದಾಟಿಸಿ, ಬಿಡಿಸಿಕೊಂಡು ಸಾಗಿಸುವ ಖರ್ಚು ಮತ್ತು ಹೊಣೆ ಕೊಂಡೊಯ್ಯುವವರದು.

ಇತಿ ತಮ್ಮ ವಿಶ್ವಾಸಿ,
ಜಿಲ್ಲಾ ಕೇಂದ್ರವೊಂದರ ವಿಶ್ವವಿದ್ಯಾಲಯದ ಪ್ರಾಧ್ಯಾಪಕ