ಹೋದದ್ದೆಲ್ಲ ಮೇರುಕೃತಿಯೇ

ಹಾರ್ಡ್‌ಡಿಸ್ಕ್ ಕೈಕೊಟ್ಟ ಮೇಲೆ ತಿಳಿಯಿತು, ನಾನು ಬರೆದದ್ದೆಲ್ಲ ಅದ್ಭುತವಾಗಿತ್ತು ಅಂತ. ಇದ್ದಾಗ ನಾನೇ ಓದುತ್ತಿರಲಿಲ್ಲ, ಅದು ಬೇರೆ ಮಾತು. ರಿಪೇರಿಯವನು ಡಿಸ್ಕನ್ನು ನಾಡಿ ನೋಡುವ ಪಂಡಿತನಂತೆ ಹಿಡಿದು, "ಟಿಕ್ ಟಿಕ್ ಅಂತಿದೆ ಸಾರ್, ಹೆಡ್ ಹೋಗಿದೆ" ಎಂದ. ಯಾರದು ಅಂತ ಕೇಳಲಿಲ್ಲ.

ಹಳೆಯ ಸಿಡಿಯಲ್ಲಿ ಒಂದಷ್ಟು ಸಿಕ್ಕಿತು. ಯೂನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ ಫಾಂಟಿನಲ್ಲಿ ಟೈಪಿಸಿದ್ದು. ಆ ಫಾಂಟಿಲ್ಲದೆ ತೆರೆದರೆ ಬರೀ ರೋಮನ್ ಅಕ್ಷರ, ಚಿಹ್ನೆ. ಹೆಂಡತಿ ಇಣುಕಿ, "ಮೊದಲಿಗಿಂತ ಚೆನ್ನಾಗಿದೆ ಕಣ್ರೀ" ಎಂದಳು.

ಬರೆದದ್ದನ್ನು ಕಳೆದುಕೊಂಡವನು ನಾನೊಬ್ಬನೇ ಅಲ್ಲ. ಇತಿಹಾಸಕಾರ ಕಾರ್ಲೈಲನ 'ಫ್ರೆಂಚ್ ಕ್ರಾಂತಿ' ಪುಸ್ತಕದ ಮೊದಲ ಸಂಪುಟದ ಹಸ್ತಪ್ರತಿ 1835ರಲ್ಲಿ ಗೆಳೆಯ ಮಿಲ್‌ನ ವಶದಲ್ಲಿದ್ದಾಗ ಸುಟ್ಟುಹೋಯಿತು. ಪುಣ್ಯಾತ್ಮ ಮತ್ತೆ ಬರೆದು 1837ರಲ್ಲಿ ಅಚ್ಚುಹಾಕಿಸಿದ. ನಾನೂ ಶುರುಮಾಡಿದ್ದೇನೆ. ಒಂದು ಪ್ಯಾರಾ ಆಗಿದೆ. ಪೆನ್‌ಡ್ರೈವಿನಲ್ಲೊಂದು ಪ್ರತಿ, ಅಕ್ಕನ ಮೇಲ್‌ಗೊಂದು. ಅವಳ ಮೇಲ್ ಅದನ್ನು ನೇರ ಸ್ಪ್ಯಾಮಿಗೆ ತಳ್ಳಿದೆಯಂತೆ.